ಕೆಂಪು ಸುತ್ತಿನೊಳಗಿನ ಮುಖ

ನನ್ನ ಗಂಡ ತದಡಿ ಬಂದರಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಕೊರೊನಾ ಬಂದ ಮೊದಲ ವರ್ಷ, ಲಾಕ್‌ಡೌನ್ ಶುರುವಾಗಿ ದೋಣಿಗಳು ದಡ ಸೇರಿದ ಮೇಲೆ ಫ್ಯಾಕ್ಟರಿಯೂ ಮುಚ್ಚಿತು. ಅವರು ಕಾಗಾಲದ ಮನೆಯಲ್ಲೇ ಉಳಿದರು. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅಡುಗೆಮನೆಗೆ ಬಂದು ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದರು.

"ಇದು ನೀನೇ ಹೌದೇನೆ?"

ನಾನೇ ಆಗಿದ್ದೆ. ನಮ್ಮ ಗ್ರಂಥಾಲಯದ ಕೌಂಟರಿನ ಹಿಂದೆ ನಿಂತು ಒಂದು ಪುಸ್ತಕವನ್ನು ಮುಂದೆ ಚಾಚಿದ್ದೆ. ಎದುರಿಗೆ ಎಂ.ಎ. ಓದುವ ಹುಡುಗಿಯೊಬ್ಬಳು ಅದನ್ನು ತೆಗೆದುಕೊಳ್ಳುತ್ತಾ ಕ್ಯಾಮೆರಾದ ಕಡೆ ತಿರುಗಿ ನಕ್ಕಿದ್ದಳು. ಅವಳ ಹಿಂದೆ ಬಾಗಿಲವರೆಗೆ ವಿದ್ಯಾರ್ಥಿಗಳ ಸಾಲು. ಹುಡುಗಿಯ ಮುಖದ ಸುತ್ತ ಯಾರೋ ಬೆರಳಿನಲ್ಲಿ ಕೆಂಪು ಸುತ್ತು ಎಳೆದಿದ್ದರು. ಕೆಳಗೆ ಹೀಗೆ ಬರೆದಿತ್ತು: "ಭಟ್ಕಳದ ಈ ಹುಡುಗಿಗೆ ಕೊರೊನಾ ಪಾಸಿಟಿವ್. ಇವಳ ಜೊತೆ ಲೈಬ್ರರಿಯಲ್ಲಿ ಇದ್ದವರು ಹೊನ್ನಾವರ, ಕುಮಟಾ ಎಲ್ಲಾ ಕಡೆ ತಿರುಗಾಡ್ತಿದ್ದಾರೆ. ಎಲ್ಲರಿಗೂ ಕಳಿಸಿ."

"ಎಲ್ಲಿಂದ ಬಂತು ಇದು?" ಎಂದೆ.

"ಬೋಟಿನವ್ರ ಗ್ರೂಪಲ್ಲಿ ಬಂತು. ಆಮೇಲೆ ಊರಿನ ಗ್ರೂಪಲ್ಲೂ ಬಂತು. ಹೌದೋ ಸುಳ್ಳೋ?"

ನನಗೆ ಗೊತ್ತಿರಲಿಲ್ಲ. ಕಾವಲಿಯ ಮೇಲಿನ ದೋಸೆ ಸೀದು ಹೊಗೆ ಎದ್ದಿತು. ಗಂಡನೇ ಬಗ್ಗಿ ಗ್ಯಾಸ್ ಆರಿಸಿದರು.

ನಾನು ಹೊನ್ನಾವರದ ಹತ್ತಿರ, ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ಸಹಾಯಕ ಗ್ರಂಥಪಾಲಕಿ. ನಮ್ಮ ಮುಖ್ಯ ಗ್ರಂಥಪಾಲಕರು ಇರುವುದು ಘಟ್ಟದ ಮೇಲಿನ ಮುಖ್ಯ ಆವರಣದಲ್ಲಿ. ಗ್ರಂಥಾಲಯಕ್ಕೊಂದು ಫೇಸ್‌ಬುಕ್ ಪುಟ ಇರಬೇಕೆಂದು ಅವರು ಆದೇಶ ಕಳಿಸಿದ್ದರಿಂದ ನಾನು ತೆರೆದಿದ್ದೆ. ಹೊಸ ಪುಸ್ತಕದ ಮುಖಪುಟ ಹಾಕುತ್ತಿದ್ದೆ, ರಜೆಯ ಸೂಚನೆ ಹಾಕುತ್ತಿದ್ದೆ. ನೋಡುವವರು ಕಡಿಮೆ. ಗ್ರಂಥಾಲಯ ಮುಚ್ಚುವುದಕ್ಕೆ ಹಿಂದಿನ ದಿನ ಮಾತ್ರ ಪುಟಕ್ಕೆ ಜೀವ ಬಂತು. ಎಷ್ಟು ಬೇಕೋ ಅಷ್ಟು ಪುಸ್ತಕ ಒಯ್ಯಿರಿ ಎಂದು ಪುಟದಲ್ಲಿ ಬರೆದಿದ್ದನ್ನು ನೋಡಿ ವಿದ್ಯಾರ್ಥಿಗಳು ಓಡಿ ಬಂದರು. ಚೀಲ ತುಂಬಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಹೋದರು. ಆ ಗದ್ದಲದಲ್ಲಿ "ಫೋಟೋ ತೆಗೀರಿ ಮೇಡಂ, ಹಾಕಿ" ಎಂದು ಅವರೇ ಹಟ ಹಿಡಿದರು. ಸಾಲಿನಲ್ಲಿ ಹಿಂದೆ ಇದ್ದ ಒಬ್ಬ ಮುಂದೆ ಬಂದು ತೆಗೆದ. ನಾನು ಪುಟಕ್ಕೆ ಹಾಕಿದೆ. ಆ ಸಂಜೆ ಎಲ್ಲರೂ ಅದರ ಕೆಳಗೆ ತಮಾಷೆ ಮಾಡಿಕೊಂಡರು.

ಲಾಕ್‌ಡೌನಿನ ಮೊದಲ ವಾರಗಳಲ್ಲಿ ಆ ಪುಟವೇ ನಮ್ಮ ಗ್ರಂಥಾಲಯವಾಯಿತು. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುವ ಪುಸ್ತಕಗಳ ಕೊಂಡಿ ಹಾಕುತ್ತಿದ್ದೆ. ಪರೀಕ್ಷೆ ಯಾವಾಗ, ಹಾಸ್ಟೆಲಿನಲ್ಲಿ ಬಿಟ್ಟ ಸಾಮಾನು ಏನಾಯಿತು ಎಂದು ಕೇಳುತ್ತಿದ್ದರು, ಕೇಳಿ ತಿಳಿದು ಹೇಳುತ್ತಿದ್ದೆ. ಬಿಸಿನೀರು ಕುಡಿದರೆ ವೈರಸ್ ಸಾಯುತ್ತದೆಯೇ, ಮೀನು ತಿನ್ನಬಹುದೇ ಎಂದೂ ಕೇಳುತ್ತಿದ್ದರು. ಆರೋಗ್ಯ ಇಲಾಖೆ ಏನು ಹೇಳಿದೆ ಎಂದು ನೋಡಿ ಅಷ್ಟನ್ನೇ ಬರೆಯುತ್ತಿದ್ದೆ. ಮನೆಯೊಳಗೆ ನೆಟ್‌ವರ್ಕ್ ಸರಿಯಾಗಿ ಬರುತ್ತಿರಲಿಲ್ಲ. ಹಿತ್ತಿಲು ದಾಟಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದುವಿನ ಮೇಲೆ ಹೋಗಿ ನಿಂತರೆ ಅಘನಾಶಿನಿ ಕಡೆಯ ಟವರ್ ಸಿಗುತ್ತಿತ್ತು.

ಆ ಬೆಳಿಗ್ಗೆಯೂ ಅಲ್ಲಿಗೆ ಓಡಿದೆ. ಪುಟ ತೆರೆದರೆ ಹಳೆಯ ಫೋಟೋದ ಕೆಳಗೆ ಗುರುತಿಲ್ಲದವರ ಮಾತುಗಳು ಸಾಲುಗಟ್ಟಿದ್ದವು. ಇವಳ ಊರು ಯಾವುದು? ಅಪ್ಪನ ಹೆಸರೇನು? ಸಾಲಿನಲ್ಲಿ ಇದ್ದವರನ್ನೆಲ್ಲ ಹಿಡಿದು ಒಳಗೆ ಹಾಕಿ. ಭಟ್ಕಳದವರನ್ನು ಯಾಕೆ ಸೇರಿಸಿಕೊಳ್ಳುತ್ತೀರಿ? ಭಟ್ಕಳದಲ್ಲಿ ಮೊದಮೊದಲೇ ರೋಗ ಕಾಣಿಸಿ ಪಟ್ಟಣವನ್ನು ಮುಚ್ಚಿದ್ದರಿಂದ ಆ ಊರಿನ ಹೆಸರು ಹೇಳಿದರೆ ಸಾಕು, ಜನ ಹಿಂದೆ ಸರಿಯುತ್ತಿದ್ದ ದಿನಗಳು ಅವು. ಹುಡುಗಿ ನಿಜವಾಗಿ ಭಟ್ಕಳ ಪಟ್ಟಣದವಳೂ ಅಲ್ಲ. ಕಾಯ್ಕಿಣಿ ಕಡೆಯವಳು. ಅಪ್ಪ ಕೂಲಿ, ತಾಯಿ ಬಸಳೆ, ಹರಿವೆ ಬೆಳೆದು ಪೇಟೆಯಲ್ಲಿ ಕೂತು ಮಾರುವವರು. ಅಷ್ಟು ನನಗೆ ಗೊತ್ತಿತ್ತು, ಏಕೆಂದರೆ ಅವಳು ದಿನಾ ಕೊನೆಯ ಬಸ್ಸಿನ ಹೊತ್ತಿನವರೆಗೆ ಓದುತ್ತಾ ಕೂರುವವಳು.

ಇನ್‌ಬಾಕ್ಸಿನಲ್ಲಿ ಅವಳ ಸಂದೇಶವಿತ್ತು. "ಮೇಡಂ, ದಯಮಾಡಿ ಫೋಟೋ ತೆಗೀರಿ."

ನಾನು ಫೋನ್ ಮಾಡಿದೆ. ಅವಳು ಎತ್ತಿದಳು. ಅಳುತ್ತಿದ್ದಳು.

"ತಂಗಿ, ಹೆದ್ರಬೇಡ. ನಿಂಗೆ ಹುಷಾರಿಲ್ವಾ?"

"ನಂಗೆ ನೆಗಡಿಯೂ ಇಲ್ಲ ಮೇಡಂ. ಟೆಸ್ಟೇ ಮಾಡ್ಲಿಲ್ಲ ಯಾರೂ. ಜ್ವರ ಬಂದದ್ದು ಅಪ್ಪಂಗೆ."

ಅಪ್ಪ ಗುಡ್ಡಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗಿ ಬಂದ ಮೇಲೆ ಜ್ವರ ಹಿಡಿದು ಮಲಗಿದ್ದರು. ತಲೆನೋವಿಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಈ ಫೋಟೋ ಊರಿನ ಮೊಬೈಲುಗಳಿಗೆ ಬಂದ ಮೇಲೆ ಅಂಗಡಿಯವರು ತಾಯಿಯನ್ನು ರಸ್ತೆಯಲ್ಲೇ ನಿಲ್ಲಿಸಿದ್ದರು. ಅಪ್ಪನನ್ನು ಆಸ್ಪತ್ರೆಗೆ ಒಯ್ಯಲು ಕರೆದರೆ ರಿಕ್ಷಾದವರು ಯಾರೂ ಬರಲಿಲ್ಲ. ಆಶಾ ಕಾರ್ಯಕರ್ತೆ ಬಂದಿದ್ದರಂತೆ. ತಿರುವಿನಲ್ಲೇ ನಾಲ್ಕಾರು ಜನ ಅಡ್ಡ ನಿಂತು, ಆ ಮನೆಗೆ ಹೋದರೆ ಮತ್ತೆ ನಮ್ಮ ಮನೆಗಳಿಗೆ ಬರಬೇಡ ಎಂದು ವಾಪಸ್ ಕಳಿಸಿದ್ದರು.

"ನಾವು ಎಂತ ಮಾಡೂದು ಮೇಡಂ?" ಎಂದಳು.

ಫೋಟೋ ತೆಗೆದುಹಾಕಿದೆ. ಹುಡುಗಿ ಕೇಳಿದ್ದಳು, ಬೇರೆ ಯೋಚನೆಗೆ ಆಸ್ಪದ ಇರಲಿಲ್ಲ. ಆದರೆ ಅದು ನಮ್ಮ ಪುಟದಲ್ಲಿ ಇಲ್ಲವಾದರೆ ಎಲ್ಲೂ ಇಲ್ಲ ಎಂದಾಗುವುದಿಲ್ಲವಲ್ಲ. ಅರ್ಧ ಗಂಟೆಯೊಳಗೆ ಬೇರೆ ಬೇರೆ ಪೋಸ್ಟುಗಳ ಕೆಳಗೆ ಜನ ಬರೆಯತೊಡಗಿದರು. ಫೋಟೋ ಯಾಕೆ ತೆಗೆದಿರಿ? ಅಂದರೆ ಸುದ್ದಿ ನಿಜವಾಯಿತು. ಲೈಬ್ರರಿಯವರು ಮುಚ್ಚಿಡುತ್ತಿದ್ದಾರೆ.

ಮುಖ್ಯ ಗ್ರಂಥಪಾಲಕರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರೇ. ಆದರೆ ಹೆದರಿದ್ದರು. "ನೀವು ಒಂದು ಅಕ್ಷರ ಬರೀಬೇಡಿ ಅಲ್ಲಿ. ಕುಲಸಚಿವರಿಗೆ ಕಡತ ಕಳಿಸಿದ್ದೇನೆ. ಅನುಮತಿ ಬರಲಿ."

"ಸರ್, ಆ ಮನೆಯಲ್ಲಿ ಜ್ವರದವರಿದ್ದಾರೆ. ಯಾರೂ ಹತ್ತಿರ ಹೋಗ್ತಿಲ್ಲ."

"ಅದು ಆರೋಗ್ಯ ಇಲಾಖೆ ಕೆಲಸ. ನಾವು ಬರೆದ್ರೆ, ನಾಳೆ ಅವಳಿಗೆ ಪಾಸಿಟಿವ್ ಬಂದ್ರೆ, ವಿಶ್ವವಿದ್ಯಾಲಯ ಸುಳ್ಳು ಹೇಳ್ತು ಅಂತಾಗ್ತದೆ. ಬೇಕಾದ್ರೆ ಪುಟವನ್ನೇ ಸ್ವಲ್ಪ ದಿನ ಮುಚ್ಚಿಬಿಡಿ."

ಅವರ ಮಾತಿನಲ್ಲಿ ತಿರುಳು ಇತ್ತು. ಹುಡುಗಿ ಆರೋಗ್ಯವಾಗಿದ್ದಾಳೆ ಎಂದು ಬರೆಯಲು ನಾನು ವೈದ್ಯಳಲ್ಲ. ಸಹಾಯವಾಣಿಗೆ ಹಚ್ಚಿದೆ, ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಮತ್ತೆ ಹಚ್ಚಿದಾಗ ಯಾರೋ ಎತ್ತಿ ವಿವರ ಬರೆದುಕೊಂಡರು. ಆಂಬುಲೆನ್ಸುಗಳೆಲ್ಲ ಹೋಗಿವೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು.

ಮನೆಗೆ ಬಂದರೆ ಅತ್ತೆ ಜಗುಲಿಯಲ್ಲಿ ಹಾಲಿನ ಪಾತ್ರೆ ಎದುರಿಗಿಟ್ಟುಕೊಂಡು ಕೂತಿದ್ದರು. ದಿನಾ ಹಾಲಿಗೆ ಬರುವ ಅಕ್ಕಪಕ್ಕದವರು ಯಾರೂ ಬಂದಿರಲಿಲ್ಲ.

"ಎಂತದೇ ಅದು, ನಿನ್ ಫೋಟೋ?" ಎಂದರು. "ಆಚೆಮನೆಯವ್ಳು ಬೇಲಿ ಆಚೆಯಿಂದ್ಲೇ ಹೇಳಿ ಹೋದ್ಳು. ನಿಮ್ಮನೆ ಹಾಲು ಬ್ಯಾಡ ಅಂತು."

"ನಂಗೆ ಎಂತದೂ ಆಗ್ಲಿಲ್ಲ ಅತ್ತೆ."

"ನಿಂಗೆ ಆಗ್ಲಿಲ್ಲ ಅಂದ್ಕಂಡು ನಂಗೆ ಗೊತ್ತು. ಅವ್ರಿಗೆ ಯಾರು ಹೇಳೂದು?"

ಗಂಡ ಒಳಗೆ ಹೊರಗೆ ತಿರುಗುತ್ತಿದ್ದರು. ತದಡಿಯಿಂದ ಅವರಿಗೂ ಫೋನ್ ಬಂದಿತ್ತು. ಫ್ಯಾಕ್ಟರಿ ತೆರೆದರೂ ಸದ್ಯ ನೀನು ಬರಬೇಡ ಎಂದಿದ್ದರು. "ನೀ ಸುಮ್ನಿರು," ಎಂದರು ನನಗೆ. "ಹತ್ತು ದಿನ ಹೋದ್ರೆ ಎಲ್ಲ ಮರೀತಾರೆ. ನೀ ಬಾಯಿ ಬಿಟ್ರೆ ಮತ್ತೂ ದೊಡ್ಡದಾಗ್ತದೆ."

ನನಗೂ ಹಾಗೇ ಅನಿಸುತ್ತಿತ್ತು. ಆದರೆ ಆ ಮನೆಯವರ ಹತ್ತಿರ ಅಷ್ಟು ದಿನ ಇರಲಿಲ್ಲ. ಊಟಕ್ಕೆ ಕೂತೆ. ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. ಕುಮಟಾದ ಹುಡುಗ. ಅವಳ ಸಹಪಾಠಿ. ಆ ದಿನ ಫೋಟೋ ತೆಗೆದವನೇ ಅವನು.

"ಮೇಡಂ, ಸುತ್ತು ಹಾಕಿದ್ದು ನಾನು. ಬರೆದದ್ದು ನಾನಲ್ಲ."

"ಎಂತ ಹಾಗಂದ್ರೆ?"

"ಮನೆಯಲ್ಲಿ ಕೇಳಿದ್ರು, ನಿಮ್ಮ ಕ್ಲಾಸಲ್ಲಿ ಭಟ್ಕಳದವ್ರು ಯಾರಾದ್ರೂ ಇದ್ದಾರಾ ಅಂತ. ಇವಳು ಒಬ್ಳೇ ಅಂತ ತೋರಿಸೂಕೆ ಸುತ್ತು ಹಾಕಿ ಮಾವಂಗೆ ಕಳ್ಸಿದೆ. ಅವ್ರು ಮುಂದೆ ಕಳ್ಸಿದ್ರು. ತಿರುಗಿ ನನ್ನ ಮೊಬೈಲಿಗೆ ಬರೂ ಹೊತ್ತಿಗೆ ಕೆಳಗೆ ಪಾಸಿಟಿವ್ ಅಂತ ಇತ್ತು."

ಆಗ ನನಗೆ ಸಿಟ್ಟು ಬಂತೋ ಸಮಾಧಾನ ಆಯಿತೋ ಹೇಳಲಾರೆ. ಸುದ್ದಿಗೆ ಬುಡವೇ ಇಲ್ಲ ಎಂಬುದು ಮಾತ್ರ ಸ್ಪಷ್ಟವಾಯಿತು. ಒಬ್ಬ ಸುತ್ತು ಎಳೆದ, ಇನ್ನೊಬ್ಬ ಯಾರೋ ವಾಕ್ಯ ಸೇರಿಸಿದ.

"ನೀನು ಇದನ್ನ ಪುಟದಲ್ಲಿ ಬರೀತ್ಯಾ?" ಎಂದು ಕೇಳಿದೆ.

"ಪೊಲೀಸ್ರು ಬರ್ತಾರೆ ಮೇಡಂ," ಎಂದ.

ಫೋನ್ ಇಟ್ಟು ಹುಡುಗಿಗೆ ಮತ್ತೆ ಹಚ್ಚಿದೆ. ಆಂಬುಲೆನ್ಸ್ ಬಂದಿರಲಿಲ್ಲ. ಅಪ್ಪನ ಮೂಗಿನಿಂದ ರಕ್ತ ಬರುತ್ತಿದೆ ಎಂದಳು. ಈ ಸಲ ಅವಳು ಅಳುತ್ತಿರಲಿಲ್ಲ. ಧ್ವನಿ ಸಪ್ಪೆಯಾಗಿತ್ತು.

"ನಾನು ಪುಟದಲ್ಲಿ ಲೈವ್ ಮಾತಾಡ್ತೆ," ಎಂದೆ. "ನಿನ್ನ ಹೆಸರು ಹೇಳೂದಿಲ್ಲ. ಊರೂ ಹೇಳೂದಿಲ್ಲ. ಆಗೂದಾ?"

"ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಮೇಡಂ. ಎಲ್ಲರಿಗೂ ಗೊತ್ತಾಗಿದೆ. ಅಪ್ಪ ಉಳೀಬೇಕು."

ಬದುವಿನ ಕಡೆ ಹೊರಟಾಗ ಗಂಡ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತರು. "ನೌಕರಿ ಹೋತು ಅಂದ್ರೆ?"

"ಹೋಗ್ಲಿ," ಎಂದೆ. ಧೈರ್ಯದಿಂದ ಅಂದದ್ದಲ್ಲ, ಮಾತು ಬೆಳೆಸಲು ಪುರುಸೊತ್ತಿರಲಿಲ್ಲ. ಅವರು ದಾರಿ ಬಿಟ್ಟರು. ಮೊಬೈಲ್ ಹಿಡಿದುಕೊಳ್ಳಲು ಬರುತ್ತಾರೇನೋ ಎಂದುಕೊಂಡೆ, ಬರಲಿಲ್ಲ.

ಮಧ್ಯಾಹ್ನದ ಬಿಸಿಲು. ಗದ್ದೆಯಲ್ಲಿ ನೀರು ಆರಿ ಉಪ್ಪಿನ ಪೊರೆ ಬೆಳ್ಳಗೆ ಹೊಳೆಯುತ್ತಿತ್ತು. ಮೊಬೈಲಿನ ಪರದೆ ಕಾಣುತ್ತಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆರಳು ಮಾಡಿಕೊಂಡೆ. ಏನು ಹೇಳಬೇಕೆಂದು ಮೊದಲೇ ಬರೆದುಕೊಂಡಿರಲಿಲ್ಲ. ಹೇಳಿದ್ದು ಹೆಚ್ಚುಕಡಿಮೆ ಇಷ್ಟು:

"ನಾನು ಈ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನೀವೆಲ್ಲ ಕಳಿಸುತ್ತಿರುವ ಫೋಟೋದಲ್ಲಿ ಕೌಂಟರಿನ ಹಿಂದೆ ಇರುವವಳು ನಾನೇ. ಅದು ಗ್ರಂಥಾಲಯ ಮುಚ್ಚುವ ಮೊದಲು ತೆಗೆದ ಫೋಟೋ. ಅದರಲ್ಲಿ ಇರುವ ಯಾರಿಗೂ ರೋಗ ಇದೆ ಎಂದು ಆರೋಗ್ಯ ಇಲಾಖೆ ಹೇಳಿಲ್ಲ. ಕೆಂಪು ಸುತ್ತು ಹಾಕಿದ್ದು ಇಲಾಖೆಯಲ್ಲ, ಯಾವುದೋ ಮನೆಯಲ್ಲಿ ಕೂತವರು. ಈ ಫೋಟೋದಿಂದಾಗಿ ಒಂದು ಮನೆಯವರಿಗೆ ಯಾರೂ ವಾಹನ ಕೊಡುತ್ತಿಲ್ಲ. ಅಲ್ಲಿ ಒಬ್ಬರಿಗೆ ಬಹಳ ಜ್ವರ ಇದೆ. ಅದು ಯಾವ ಜ್ವರ ಎಂದು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ವೈದ್ಯರು ನೋಡಿದರೆ ಗೊತ್ತಾಗುತ್ತದೆ. ಅವರನ್ನು ಆಸ್ಪತ್ರೆಗೆ ಹೋಗಲು ಬಿಡಿ. ಸಹಾಯ ಮಾಡಬಲ್ಲವರು ಇನ್‌ಬಾಕ್ಸಿಗೆ ಬರೆಯಿರಿ. ಆ ದಿನ ಸಾಲಿನಲ್ಲಿ ನಿಂತಿದ್ದವರು, ನಿಮಗೆ ಮನಸ್ಸಿದ್ದರೆ, ನಾವೂ ಅಲ್ಲಿ ಇದ್ದೆವು ಎಂದು ಇಲ್ಲಿ ಹೇಳಿ."

ಮಾತಾಡುತ್ತಿದ್ದಂತೆಯೇ ಕೆಳಗೆ ಬೈಗುಳ ಹರಿಯುತ್ತಿತ್ತು. ನಾನು ಸುಳ್ಳುಗಾರ್ತಿ, ನನ್ನನ್ನೂ ಕ್ವಾರಂಟೈನಿಗೆ ಹಾಕಬೇಕು, ಯಾರ ಹತ್ತಿರ ಎಷ್ಟು ದುಡ್ಡು ತಿಂದಿದ್ದೇನೋ. ಓದಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಸಾಲಿನಲ್ಲಿದ್ದ ಹೊನ್ನಾವರದ ಒಬ್ಬಳು ಬರೆದಳು: "ಹಸಿರು ಚೂಡಿದಾರದವಳು ನಾನು. ನಾನು ಚೆನ್ನಾಗಿದ್ದೇನೆ." ಭಟ್ಕಳ ಪೇಟೆಯ, ಅಲ್ಲಿನ ಮುಸ್ಲಿಮರ ನವಾಯತಿ ಮಾತಾಡುವ ಹಳೆಯ ವಿದ್ಯಾರ್ಥಿಯೊಬ್ಬ ಮುಚ್ಚಿದ ಬೀದಿಯೊಳಗಿನಿಂದಲೇ ಬರೆದ: "ಆ ಮನೆಗೆ ಔಷಧಿ ಬೇಕಾದರೆ ಹೇಳಿ. ನಮ್ಮ ಕಡೆ ಔಷಧಿ ಅಂಗಡಿಗಾಗಿ ಓಡಾಡಲು ಪಾಸ್ ಇದ್ದವರಿದ್ದಾರೆ." ಸಾಲಿನಲ್ಲಿದ್ದವರಲ್ಲಿ ಬಹಳ ಜನ ಬಾಯಿ ಬಿಡಲಿಲ್ಲ. ಕುಮಟಾದ ಆ ಹುಡುಗ, "ಸುತ್ತು ಹಾಕಿದ್ದು ನಾನು, ಪಾಸಿಟಿವ್ ಅನ್ನುವುದು ಸುಳ್ಳು, ಕ್ಷಮಿಸಿ" ಎಂದು ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಸ್ವಲ್ಪ ಹೊತ್ತಿಗೆ ಅದನ್ನು ಅಳಿಸಿದ್ದ. ಮನೆಯವರು ಅಳಿಸಿಸಿರಬೇಕು.

ಕೆಲಸಕ್ಕೆ ಬಂದದ್ದು ಇನ್‌ಬಾಕ್ಸಿನಲ್ಲಿ ಬಂದ ಒಂದು ಸಾಲು. "ಮೇಡಂ, ನಾನು ನಿಮ್ಮಲ್ಲಿ ಓದಿದವಳು. ಈಗ ಆರೋಗ್ಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೇನೆ. ವಿಳಾಸ ಕಳಿಸಿ." ಕಳಿಸಿದೆ. ಅವಳು ಮತ್ತೆ ಏನೂ ಬರೆಯಲಿಲ್ಲ. ನಾನು ಬದುವಿನ ಮೇಲೆ ಕೂತೇ ಇದ್ದೆ. ಎದ್ದು ಹೋದರೆ ಸಿಗ್ನಲ್ ತಪ್ಪುತ್ತದೆ. ನೀರು ಕುಡಿಯಬೇಕೆನಿಸಿದರೂ ಅಲ್ಲಾಡಲಿಲ್ಲ. ಮುಖ್ಯ ಗ್ರಂಥಪಾಲಕರ ಫೋನ್ ಬರುತ್ತಲೇ ಇತ್ತು, ಎತ್ತಲಿಲ್ಲ. ಅವರೊಡನೆ ಮಾತಾಡುವಾಗ ಹುಡುಗಿಯ ಫೋನ್ ಬಂದರೆ ಎಂಬ ಭಯ. ಹಿಂದೆ ಕಾಲಸಪ್ಪಳ ಕೇಳಿತು. ಅತ್ತೆ. ಕೈಯಲ್ಲಿ ಒಂದು ಚೊಂಬು ಮಜ್ಜಿಗೆ.

"ಬಂತಾ ಗಾಡಿ?" ಎಂದರು.

"ಇನ್ನೂ ಇಲ್ಲ."

ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

ಹೊತ್ತು ಕಂತುವ ಮೊದಲು ಹುಡುಗಿ ಫೋನ್ ಮಾಡಿದಳು. ಹಿಂದೆ ಗಾಡಿಯ ಸದ್ದು. "ಮೇಡಂ, ಆಂಬುಲೆನ್ಸ್ ಬಂತು. ಸಂಗ್ತಿಗೆ ಪೊಲೀಸ್ರೂ ಬಂದಿದ್ರು, ತಿರುವಿನಲ್ಲಿ ಯಾರೂ ನಿಲ್ಲಿಸಲಿಲ್ಲ. ನಾನು ಅಪ್ಪನ ಜೊತೆ ಹೋಗ್ತಿದ್ದೇನೆ. ಆಯಿ ಒಬ್ಳೇ ಮನೇಲಿ."

ನಾನು ಮಜ್ಜಿಗೆ ಕುಡಿದೆ. ಆಮೇಲೆ ಔಷಧಿ ಬೇಕೇ ಎಂದಿದ್ದ ಭಟ್ಕಳದ ಹಳೆಯ ವಿದ್ಯಾರ್ಥಿಗೆ ಆ ಮನೆಯ ದಾರಿ ಬರೆದು ಕಳಿಸಿದೆ.

ಅಲ್ಲಿಗೆ ಮುಗಿಯಲಿಲ್ಲ. ತಾಲೂಕು ಆಸ್ಪತ್ರೆಯಿಂದ ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಪ್ಪ, ಮಗಳು ಇಬ್ಬರ ಗಂಟಲ ದ್ರವವನ್ನೂ ಪರೀಕ್ಷೆಗೆ ತೆಗೆದರು. ವರದಿ ಬರುವವರೆಗಿನ ದಿನಗಳು ನನಗೆ ಮುಳ್ಳಿನ ಮೇಲೆ ಕಳೆದಂತಾದವು. ಅವಳಿಗೆ ಪಾಸಿಟಿವ್ ಬಂದರೆ ಜನ ಏನೆನ್ನುತ್ತಾರೆ ಎಂಬುದು ಒಂದು ಕಡೆ. ಆ ಮನುಷ್ಯ ಬದುಕುತ್ತಾರೋ ಇಲ್ಲವೋ ಎಂಬುದು ಇನ್ನೊಂದು ಕಡೆ. ಕೊನೆಗೆ ಇಬ್ಬರದೂ ನೆಗೆಟಿವ್ ಬಂತು. ಅಪ್ಪನಿಗೆ ಹಿಡಿದದ್ದು ಮಂಗನ ಕಾಯಿಲೆ. ಕಾಡಿನ ಉಣ್ಣೆ ಹುಳ ಕಚ್ಚಿ ಬರುವಂಥದು, ಮನುಷ್ಯರಿಂದ ಮನುಷ್ಯರಿಗೆ ಹರಡುವ ರೋಗವೇ ಅಲ್ಲ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರಂತೆ.

ನಾನು ಉತ್ಸಾಹದಿಂದ ಹುಡುಗಿಗೆ ಫೋನ್ ಮಾಡಿ, "ನೆಗೆಟಿವ್ ಬಂದದ್ದನ್ನ ಪುಟದಲ್ಲಿ ಹಾಕ್ತೆ, ಎಲ್ಲರ ಬಾಯಿ ಮುಚ್ಚಲಿ" ಎಂದೆ.

"ಬೇಡ ಮೇಡಂ," ಎಂದಳು. "ನೆಗೆಟಿವ್ ಅಂತ ಹಾಕಿದ್ರೆ, ಪಾಸಿಟಿವ್ ಆಗಿದ್ರೆ ಅವ್ರು ಮಾಡಿದ್ದೆಲ್ಲ ಸರಿ ಇತ್ತು ಅಂತ ಆಗ್ತದಲ್ಲ."

ನನಗೆ ಅದು ಹೊಳೆದಿರಲಿಲ್ಲ. ಹಾಕಲಿಲ್ಲ.

ವಿಶ್ವವಿದ್ಯಾಲಯದಿಂದ ಕಾರಣ ಕೇಳಿ ನೋಟಿಸ್ ಬಂತು. ಅನುಮತಿ ಇಲ್ಲದೆ ಸಂಸ್ಥೆಯ ಪುಟದಲ್ಲಿ ಮಾತಾಡಿದ್ದು ಯಾಕೆ ಎಂದು. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ. ಮುಖ್ಯ ಗ್ರಂಥಪಾಲಕರು ಅದರ ಮೇಲೆ ನನ್ನ ಪರವಾಗಿ ಎರಡು ಸಾಲು ಬರೆದರೆಂದು ಆಮೇಲೆ ತಿಳಿಯಿತು. ಅವರು ನನಗೆ ಅದನ್ನು ಹೇಳಲೇ ಇಲ್ಲ. ವಿಷಯ ಅಲ್ಲಿಗೆ ನಿಂತಿತು. ನಮ್ಮ ಮನೆಯ ಹಾಲಿಗೆ ಜನ ಒಬ್ಬೊಬ್ಬರಾಗಿ ತಿರುಗಿ ಬಂದರು. ಆಚೆಮನೆಯವರು ಬಂದದ್ದು ಮಳೆಗಾಲ ಹಿಡಿದ ಮೇಲೆ.

ಮರುವರ್ಷ ಎರಡನೆಯ ಅಲೆ ಬಂದಾಗ ನಾವು ಕೆಲವರು ಸೇರಿ ಪುಟವನ್ನು ಬೇರೆ ರೀತಿ ನಡೆಸಿದೆವು. ಯಾರ ಮುಖವನ್ನೂ ಹಾಕುತ್ತಿರಲಿಲ್ಲ. ಜನ ತಮಗೆ ಬಂದ ಸುದ್ದಿಯನ್ನು ಇನ್‌ಬಾಕ್ಸಿಗೆ ಕಳಿಸಿ ನಿಜವೇ ಎಂದು ಕೇಳಬಹುದಿತ್ತು. ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಇಲಾಖೆಯವರನ್ನು ವಿಚಾರಿಸಿ ಉತ್ತರ ಬರೆಯುತ್ತಿದ್ದರು. ಹಾಸಿಗೆ ಎಲ್ಲಿದೆ, ಲಸಿಕೆ ಎಲ್ಲಿ ಹಾಕುತ್ತಾರೆ ಎಂಬುದನ್ನೂ ಹಾಕುತ್ತಿದ್ದೆವು. ಆ ಹುಡುಗಿಯನ್ನೂ ಕರೆದೆ. ಅವಳು ಬರಲಿಲ್ಲ. ಫೇಸ್‌ಬುಕ್ ಬಿಟ್ಟಿದ್ದಳು, ವಾಟ್ಸ್ಆ್ಯಪಿನಲ್ಲಿ ತನ್ನ ಚಿತ್ರದ ಜಾಗವನ್ನು ಖಾಲಿ ಇಟ್ಟಿದ್ದಳು. "ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ, ನಂಗೆ ಆಗೂದಿಲ್ಲ" ಎಂದಳು. ಒತ್ತಾಯ ಮಾಡಲಿಲ್ಲ. ಎಂ.ಎ. ಮುಗಿಸಿ, ಬಿ.ಇಡಿ. ಮಾಡಿ, ಈಗ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಳೆ.

ಹೋದ ವರ್ಷ ಕೆಲಸದ ಮೇಲೆ ಭಟ್ಕಳಕ್ಕೆ ಹೋದವಳು ಬರುವಾಗ ಕಾಯ್ಕಿಣಿಯಲ್ಲಿ ಇಳಿದು ಅವರ ಮನೆ ಹುಡುಕಿಕೊಂಡು ಹೋದೆ. ಅವಳು ಶಾಲೆಯಿಂದ ಬಂದಿರಲಿಲ್ಲ. ಅಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು, ನನ್ನನ್ನು ಗುರುತಿಸಲಿಲ್ಲ. ತಾಯಿ ಹೊರಗೆ ಬಂದು, ನಾನು ಯಾರೆಂದು ಹೇಳಿದ ಮೇಲೆ ಅಂಗಳಕ್ಕೆ ಇಳಿದರು.

"ನೀವು ಮೊಬೈಲಲ್ಲಿ ಮಾತಾಡ್ದ ಅಕ್ಕೋರಾ?" ಎಂದರು. "ನಾ ಅದ್ನ ನೋಡ್ಲಿಲ್ರಾ. ನಂಗೆ ಅದೆಲ್ಲ ಗೊತ್ತಿಲ್ಲ. ಆವತ್ತು ಗಾಡಿ ಹೋದ್ಮೇಲೆ ನಾ ಒಬ್ಳೇ ಇದ್ನಲ್ಲ, ಭಟ್ಕಳದಿಂದ ಯಾರೋ ಒಬ್ಬ ಬೈಕಲ್ಲಿ ಬಂದಿ ಅಕ್ಕಿ, ಔಷಧಿ ಬೇಲಿ ಹತ್ರ ಇಟ್ಟಿಕ್ಕೆ ಹೋದ. ಅವ ಯಾರು ಅಂದೇಳಿ ನಿಮ್ಗೆ ಗೊತ್ತುಂಟಾ?"

ಬಹುಶಃ ಗೊತ್ತು ಎಂದೆ. ಒಳಗೆ ಬನ್ನಿ, ಚಾ ಕುಡ್ಕಂಡು ಹೋಗಿ ಎಂದು ಕೈ ಹಿಡಿದು ಕರೆದರು.